ಸಣ್ಣ ಡಾಕ್ಟರ ದೊಡ್ಡ ವರ್ಷ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ದಂಡೆಯ ಕಡೆಗಿರುವ ಊರು. ಅಲ್ಲಿ ಸಂಜೆ ಗದ್ದೆಗೆ ನೀರು ಹಾಯಿಸಲು ಹೋದ ರೈತನೊಬ್ಬನ ಕಾಲಿಗೆ ಹಾವು ಕಚ್ಚಿತೆಂದು ಇಟ್ಟುಕೊಳ್ಳೋಣ. ಕಚ್ಚಿದ್ದು ಯಾವ ಹಾವೆಂದು ಕತ್ತಲಲ್ಲಿ ಯಾರೂ ನೋಡಿಲ್ಲ. ಮನೆಯವರು 108ಕ್ಕೆ ಫೋನ್ ಮಾಡುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ಆಗುವಷ್ಟು ಚಿಕಿತ್ಸೆ ಆದ ಮೇಲೆ, ‘ದಾವಣಗೆರೆಗೆ ಒಯ್ಯಿರಿ’ ಎಂಬ ಮಾತು ಬರುತ್ತದೆ. ರಾತ್ರಿ ಹತ್ತರ ಹೊತ್ತಿಗೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಸ್ಟ್ರೆಚರ್ ನಿಂತಾಗ ಮೊದಲು ಓಡಿ ಬರುವವರು ಹೆಸರಾಂತ ತಜ್ಞರಲ್ಲ. 23–24ರ ಹರೆಯದ, ಬೆಳಿಗ್ಗೆಯಿಂದ ಸರಿಯಾಗಿ ಊಟ ಮಾಡದ ಹುಡುಗನೋ ಹುಡುಗಿಯೋ ಆಗಿರುತ್ತಾರೆ.

ಆಕೆ ಮೊದಲು ಮಾಡುವ ಕೆಲಸ ಬಹಳ ಸರಳ. ರೋಗಿಯ ರಕ್ತನಾಳದಿಂದ ಎರಡು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಶುದ್ಧ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತಾಳೆ. ಆಮೇಲೆ ನಳಿಕೆಯನ್ನು ಒಮ್ಮೆ ಓರೆ ಮಾಡಿ ನೋಡುತ್ತಾಳೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕಚ್ಚಿದ್ದು ಕೊಳಕುಮಂಡಲದಂಥ ಹಾವು ಎಂದು ಅರ್ಥ. ವಿಷನಿರೋಧಕ ಚುಚ್ಚುಮದ್ದನ್ನು ಕೂಡಲೇ ಏರಿಸಬೇಕು. ರಕ್ತ ಹೆಪ್ಪುಗಟ್ಟಿತೆಂದು ನಿರಾಳವಾಗುವಂತೆಯೂ ಇಲ್ಲ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ರೋಗಿಯ ರೆಪ್ಪೆ ಜೋತುಬೀಳುತ್ತಿದೆಯೇ, ಮಾತು ತೊದಲುತ್ತಿದೆಯೇ, ಉಸಿರು ಸಣ್ಣದಾಗುತ್ತಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ನಿಂತು ನೋಡುತ್ತಿರಬೇಕು. ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಡ, ಎಚ್ಚರವಾಗಿರುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಆಸ್ಪತ್ರೆಯ ಭಾಷೆಯಲ್ಲಿ ಇಂಟರ್ನಿ ಎಂದು ಹೆಸರು. ಹಿಂದಿನ ತಲೆಮಾರು ಹೌಸ್ ಸರ್ಜನ್ ಎನ್ನುತ್ತಿತ್ತು. ವಾರ್ಡಿನ ಜನರ ಬಾಯಲ್ಲಿ ಇವರು ‘ಸಣ್ಣ ಡಾಕ್ಟ್ರು’.

ಎಂ.ಬಿ.ಬಿ.ಎಸ್. ವ್ಯಾಸಂಗ ನಾಲ್ಕೂವರೆ ವರ್ಷ. ಅಂತಿಮ ಪರೀಕ್ಷೆ ಪಾಸಾದ ಮಾತ್ರಕ್ಕೆ ಯಾರೂ ಪೂರ್ಣ ವೈದ್ಯರಾಗುವುದಿಲ್ಲ. ವೈದ್ಯಕೀಯ ಪರಿಷತ್ತು ಮೊದಲು ತಾತ್ಕಾಲಿಕ ನೋಂದಣಿ ಕೊಡುತ್ತದೆ. ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಪ್ರತಿ ವಿಭಾಗದ ಮುಖ್ಯಸ್ಥರಿಂದ ಸಹಿ ಪಡೆದ ಮೇಲೆಯೇ ಕಾಯಂ ನೋಂದಣಿ. ಈ ನಡುವಿನ ವರ್ಷವೇ ಇಂಟರ್ನ್‌ಶಿಪ್. ಆತ ವಿದ್ಯಾರ್ಥಿಯೂ ಅಲ್ಲ, ಪೂರ್ತಿ ವೈದ್ಯನೂ ಅಲ್ಲ. ಆತ ಸೂಜಿ ಹಾಕಬಹುದು, ಹೊಲಿಗೆ ಹಾಕಬಹುದು, ಹೆರಿಗೆ ಮಾಡಿಸಬಹುದು. ಆದರೆ ವೈದ್ಯಕೀಯ ಪ್ರಮಾಣಪತ್ರಕ್ಕಾಗಲಿ, ಮರಣ ಪ್ರಮಾಣಪತ್ರಕ್ಕಾಗಲಿ, ಪೊಲೀಸ್ ಪ್ರಕರಣದ ಕಾಗದಕ್ಕಾಗಲಿ ಸ್ವತಂತ್ರವಾಗಿ ಸಹಿ ಹಾಕುವಂತಿಲ್ಲ. ಕೆಲಸವೆಲ್ಲ ಅವನದು, ಸಹಿ ಮಾತ್ರ ಇನ್ನೊಬ್ಬರದು.

ಒಳಗೇ ಇರುವವರು

ಇಂಟರ್ನ್ ಎಂಬ ಪದ ಬಂದದ್ದು ಫ್ರೆಂಚ್ ಭಾಷೆಯಿಂದ. ‘ಒಳಗಿರುವವನು’ ಎಂದು ಅದರ ಅರ್ಥ. 1802ರಲ್ಲಿ ಪ್ಯಾರಿಸ್ ನಗರದ ಆಸ್ಪತ್ರೆಗಳು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಯುವಕರನ್ನು ಆರಿಸಿ ಆಸ್ಪತ್ರೆಯೊಳಗೇ ಇರಿಸಿಕೊಳ್ಳುವ ಪದ್ಧತಿ ಆರಂಭಿಸಿದವು. ಹೊರಗಿನಿಂದ ಬಂದು ಕಲಿತು ಹೋಗುವವರು ‘ಹೊರಗಿನವರು’, ಅಲ್ಲೇ ಉಂಡು ಮಲಗಿ ರೋಗಿಯನ್ನು ಕಾಯುವವರು ‘ಒಳಗಿನವರು’. ಅಮೆರಿಕದಲ್ಲಿ ಈ ಪದ್ಧತಿಗೆ ಇಂದಿನ ರೂಪ ಬಂದದ್ದು 1889ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ತನ್ನ ಕಿರಿಯ ವೈದ್ಯರು ಹಗಲು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕೆಂದು ಬಯಸಿದ. ‘ರೆಸಿಡೆಂಟ್’, ಅಂದರೆ ನಿವಾಸಿ, ಎಂಬ ಪದವಿನಾಮ ಇವತ್ತಿಗೂ ಆ ಬದುಕಿನ ಗುರುತಾಗಿ ಉಳಿದಿದೆ. ದಣಿವರಿಯದ ದುಡಿಮೆಯ ಈ ಆದರ್ಶವನ್ನು ಲೋಕಕ್ಕೆ ಕೊಟ್ಟ ಹಾಲ್‌ಸ್ಟೆಡ್, ಅರಿವಳಿಕೆಗಾಗಿ ಕೊಕೇನ್ ಪ್ರಯೋಗಿಸಲು ಹೋಗಿ ಸ್ವತಃ ಅದರ ದಾಸನಾಗಿದ್ದ ಎಂಬುದು ವೈದ್ಯಕೀಯ ಇತಿಹಾಸದ ಒಂದು ವ್ಯಂಗ್ಯ.

ಭಾರತದಲ್ಲಿ ಈ ವರ್ಷದ ಹಿಂದಿನ ಉದ್ದೇಶ ಬೇರೆಯೇ ಆಗಿತ್ತು. ಬ್ರಿಟಿಷರ ಕಾಲದಲ್ಲಿ ಎರಡು ದರ್ಜೆಯ ವೈದ್ಯರಿದ್ದರು: ಪದವಿ ಪಡೆದವರು ಮತ್ತು ಕಡಿಮೆ ಅವಧಿಯ ಎಲ್.ಎಂ.ಪಿ. ಪಾಸಾದವರು. ಹಳ್ಳಿಗಾಡಿನ ಹಿರಿಯರಿಗೆ ‘ಎಲ್ಲೆಂಪಿ ಡಾಕ್ಟ್ರು’ ಇನ್ನೂ ನೆನಪಿರಬಹುದು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಸರ್ ಜೋಸೆಫ್ ಭೋರ್ ಸಮಿತಿ ಈ ಎರಡು ದರ್ಜೆ ಬೇಡವೆಂದಿತು. ದೇಶಕ್ಕೆಲ್ಲ ಒಂದೇ ಬಗೆಯ ‘ಮೂಲ ವೈದ್ಯ’ ಸಾಕು. ಆತ ಆಸ್ಪತ್ರೆಯ ಕೆಲಸವನ್ನೂ ಊರಿನ ಆರೋಗ್ಯವನ್ನೂ ಬಲ್ಲವನಾಗಿರಬೇಕು. ರೋಗ ತಡೆಯುವ ವಿದ್ಯೆಯಲ್ಲಿ ಆತನಿಗೆ ಮೂರು ತಿಂಗಳ ತರಬೇತಿ ಬೇಕು ಎಂಬುದು ಅದರ ಶಿಫಾರಸು. ತಕ್ಷಣದ ಗುರಿಯಾಗಿ 40 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆದು ಇಬ್ಬರು ವೈದ್ಯರನ್ನು ಇಡಬೇಕೆಂದೂ ಸಮಿತಿ ಹೇಳಿತು. ಸ್ವಾತಂತ್ರ್ಯಾನಂತರ ಬೆಳೆದ ಕಡ್ಡಾಯ ಇಂಟರ್ನ್‌ಶಿಪ್ಪಿನ ಬೇರು ಇರುವುದು ಈ ಚಿಂತನೆಯಲ್ಲಿ. ಹಲವಾಗಲಿನಂಥ ಊರಿಗೆ ಒಬ್ಬಂಟಿಯಾಗಿ ಕಳಿಸಿದರೂ ಕೈಕಾಲು ನಡುಗದ ವೈದ್ಯನನ್ನು ತಯಾರು ಮಾಡಬೇಕೆಂಬುದೇ ಅದರ ಆಶಯ.

ಜಿಲ್ಲೆ ಬದಲಾದರೂ ದಾರಿ ಅದೇ

ಹಲವಾಗಲಿನ ರೋಗಿ ದಾವಣಗೆರೆಯ ದಾರಿ ಹಿಡಿಯುವುದಕ್ಕೂ ಒಂದು ಹಿನ್ನೆಲೆಯಿದೆ. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರ ಭಾಗವಾಯಿತು. ಕಡತಗಳು ಊರಿಂದೂರಿಗೆ ಅಲೆದವು. ಕಾಯಿಲೆಯವರು ಮಾತ್ರ ದಾವಣಗೆರೆಯ ದಾರಿ ಬಿಡಲಿಲ್ಲ. ಅಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಇರುವುದು ಚಿಗಟೇರಿ ಎಂಬ ಹೆಸರು. ಹರಪನಹಳ್ಳಿ ತಾಲ್ಲೂಕಿನ ಊರೊಂದರ ಹೆಸರೂ ಅದೇ. ಇನ್ನೊಂದು ದಿಕ್ಕಿಗೆ, 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಹುಟ್ಟಿ ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾದ ಬಳ್ಳಾರಿಯ ‘ವಿಮ್ಸ್’ ಇದೆ. ಈ ಸೀಮೆಯ ಸಣ್ಣ ಡಾಕ್ಟರುಗಳು ಬಹುಪಾಲು ಇಂಥ ಆಸ್ಪತ್ರೆಗಳ ವಾರ್ಡುಗಳಲ್ಲೇ ಪಳಗಿದವರು.

52 ವಾರಗಳ ಸುತ್ತು

2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಗಳ ಪ್ರಕಾರ ಇಂಟರ್ನ್‌ಶಿಪ್ 52 ವಾರಗಳದು. ಅದರಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ, ಅಂದರೆ ಹಳ್ಳಿ ಮತ್ತು ನಗರದ ಆರೋಗ್ಯ ಕೇಂದ್ರಗಳ ಕೆಲಸಕ್ಕೆ. ಪ್ರಸೂತಿ ಮತ್ತು ಕುಟುಂಬ ಕಲ್ಯಾಣಕ್ಕೆ 7, ಸಾಮಾನ್ಯ ವೈದ್ಯಕೀಯಕ್ಕೆ 6, ಶಸ್ತ್ರಚಿಕಿತ್ಸೆಗೆ 6 ವಾರ. ಮಕ್ಕಳ ವಿಭಾಗ, ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಮನೋರೋಗ, ಅರಿವಳಿಕೆ, ತುರ್ತು ಚಿಕಿತ್ಸೆ ಮುಂತಾದವು ಉಳಿದ ವಾರಗಳನ್ನು ಹಂಚಿಕೊಳ್ಳುತ್ತವೆ. ವರ್ಷಕ್ಕೆ ರಜೆ 15 ದಿನ. ಮಾಡಿದ ಕೆಲಸವನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು.

ಕಾಗದದ ಮೇಲಿನ ಈ ಸುತ್ತು ವಾರ್ಡಿನಲ್ಲಿ ಕಾಣುವುದು ಹೀಗೆ. ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮೊದಲು ಇಂಟರ್ನಿ ಬಂದಿರಬೇಕು. ಎಲ್ಲ ರೋಗಿಗಳ ರಕ್ತದೊತ್ತಡ, ನಾಡಿ, ಜ್ವರ ನೋಡಿ ಕೇಸ್ ಷೀಟಿನಲ್ಲಿ ಬರೆಯಬೇಕು. ರಕ್ತ ತೆಗೆದು ಬಣ್ಣ ಬಣ್ಣದ ಮುಚ್ಚಳದ ನಳಿಕೆಗಳಿಗೆ ತುಂಬಬೇಕು. ಹಿಂದಿನ ದಿನದ ವರದಿಗಳನ್ನು ಲ್ಯಾಬಿನಿಂದ ತಂದು ಅಂಟಿಸಬೇಕು. ರೌಂಡ್ಸಿನಲ್ಲಿ ಪ್ರಾಧ್ಯಾಪಕರು ಕೇಳುವ ಪ್ರಶ್ನೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಸಹಾಯಕ ಪ್ರಾಧ್ಯಾಪಕರು, ಹಿರಿಯ ರೆಸಿಡೆಂಟ್, ಪಿ.ಜಿ., ಕೊನೆಗೆ ಇಂಟರ್ನಿ. ಬೈಗುಳ ಇಳಿಯುವುದೂ ಅದೇ ಮೆಟ್ಟಿಲಲ್ಲಿ. ರೌಂಡ್ಸ್ ಮುಗಿದ ಮೇಲೆ ಮೂತ್ರನಾಳದ ನಳಿಕೆ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದು, ರಕ್ತನಿಧಿಗೆ ಓಡುವುದು, ಬಿಡುಗಡೆಯ ಸಾರಾಂಶ ಬರೆಯುವುದು. ಸ್ಟ್ರೆಚರ್ ತಳ್ಳುವವನು ಸಿಗದಿದ್ದರೆ ಅದೂ ಅವನ ಪಾಲಿಗೆ. ಇಷ್ಟರಲ್ಲಿ ಎಷ್ಟು ಕಲಿಕೆ, ಎಷ್ಟು ಗುಮಾಸ್ತಿಕೆ ಎಂಬ ತಕರಾರು ಇಂಟರ್ನ್‌ಶಿಪ್ಪಿನಷ್ಟೇ ಹಳೆಯದು.

ಆದರೂ ಕೈ ಪಳಗುವುದು ಇಲ್ಲೇ. ಮೊದಲ ವಾರ ರಕ್ತನಾಳ ಸಿಗದೆ ಮೂರು ಸಲ ಚುಚ್ಚಿ ರೋಗಿಯ ಕ್ಷಮೆ ಕೇಳಿದವನು ಮೂರನೆಯ ತಿಂಗಳಲ್ಲಿ ಮಂದ ಬೆಳಕಿನಲ್ಲೂ ಬೆರಳ ತುದಿಯಿಂದ ನಾಳ ಹುಡುಕುತ್ತಾನೆ. ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸು ಅಳುವ ತನಕದ ಆ ಕೆಲವು ಕ್ಷಣಗಳು ಎಷ್ಟು ಉದ್ದ ಎಂಬುದು ಯಾವ ಪುಸ್ತಕದಿಂದಲೂ ತಿಳಿಯದು. ಕೃಷಿ ಪ್ರಧಾನವಾದ ಈ ಸೀಮೆಯಲ್ಲಿ ಕ್ರಿಮಿನಾಶಕದ ವಿಷ ಏರಿದವರು ತುರ್ತು ವಿಭಾಗಕ್ಕೆ ಬರುವುದು ಅಪರೂಪವಲ್ಲ. ಅವರಿಗೆ ಅಟ್ರೋಪಿನ್ ಕೊಡುತ್ತಾ, ಶ್ವಾಸಕೋಶದ ಗೊರಗೊರ ಸದ್ದು ಅಡಗಿತೇ, ನಾಡಿ ಏರಿತೇ ಎಂದು ಮತ್ತೆ ಮತ್ತೆ ನೋಡಿ ಬರೆಯುವ ಕೆಲಸ ಇಂಟರ್ನಿಯದು. ಇಂಥ ರಾತ್ರಿ ಕಳೆದು, ಬೆಳಗಿನ ಜಾವ ರೋಗಿ ಕಣ್ಣುಬಿಟ್ಟು ನೀರು ಕೇಳಿದಾಗ ಆಗುವ ಸಂತೋಷಕ್ಕೆ ಸಾಟಿಯಿಲ್ಲ. ಎಷ್ಟು ಕಾದರೂ ಕಣ್ಣು ಬಿಡದವರೂ ಇರುತ್ತಾರೆ. ಮೊದಲ ಸಾವನ್ನು ಮನೆಯವರಿಗೆ ಹೇಗೆ ಹೇಳಬೇಕೆಂದು ಗೊತ್ತಾಗದೆ ಕಾರಿಡಾರಿನಲ್ಲಿ ನಿಂತದ್ದನ್ನು ವೈದ್ಯರು ನಿವೃತ್ತರಾದ ಮೇಲೂ ಮರೆಯುವುದಿಲ್ಲ.

‘ಎದಿ ಹಿಡ್ಕಂಡೈತ್ರಿ’

ಇನ್ನೊಂದು ಪಾಠ ಭಾಷೆಯದು. ‘ಎದಿ ಹಿಡ್ಕಂಡೈತ್ರಿ’, ‘ತಲಿ ಗಿರ್ ಅಂತೈತಿ’, ‘ಕೈಕಾಲು ಜುಮ್ ಅಂತಾವ’, ‘ಒಳಗ ಸಂಕಟ ಆಗತೈತಿ’ ಎಂದು ಹರಪನಹಳ್ಳಿ ಕಡೆಯ ಅಜ್ಜಿ ಹೇಳಿದರೆ ಅದನ್ನು ಪಠ್ಯಪುಸ್ತಕದ ಲಕ್ಷಣಗಳಿಗೆ ಹೊಂದಿಸುವುದು ಸುಲಭವಲ್ಲ. ಬೇರೆ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ಇದು ಇನ್ನೂ ಕಷ್ಟ. ಬೆಂಗಳೂರಿನ ಕನ್ನಡದ ಹುಡುಗರೂ ಮೊದಲು ತಡವರಿಸುತ್ತಾರೆ. 2019ರ ಹೊಸ ಪಠ್ಯಕ್ರಮ ಮೊದಲ ವರ್ಷದ ಆರಂಭದಲ್ಲೇ ಸ್ಥಳೀಯ ಭಾಷೆಯ ಪರಿಚಯಕ್ಕೆ ಜಾಗ ಕೊಟ್ಟಿದೆ. ಆದರೆ ನಿಜವಾದ ಭಾಷಾಪಾಠ ನಡೆಯುವುದು ವಾರ್ಡಿನಲ್ಲಿ, ಸಿಸ್ಟರುಗಳ ಮತ್ತು ಆಯಾಗಳ ಸಹಾಯದಿಂದ. ‘ಏನ್ ತಿಂದಿದ್ದೆಮ್ಮಾ?’ ಎಂದು ಕೇಳಲು ಕಲಿತ ಮೇಲೆ ರೋಗಿಯೂ ಬಾಯಿ ಬಿಡುತ್ತಾಳೆ. ದೊಡ್ಡ ಡಾಕ್ಟರ ಮುಂದೆ ಹೇಳಲು ಅಂಜಿದ ಸಂಗತಿಯನ್ನು, ‘ಯಪ್ಪಾ, ನಿನ್ನ ಮುಂದ ಒಂದ್ ಮಾತು ಹೇಳ್ಲೇನು?’ ಎಂದು ಸಣ್ಣ ಡಾಕ್ಟರಿಗೆ ಹೇಳುವುದುಂಟು. ಸರಿಯಾದ ರೋಗನಿದಾನ ಕೆಲವೊಮ್ಮೆ ಹಾಗೆಯೇ ಹೊರಬರುತ್ತದೆ.

ನಿದ್ದೆಯ ಲೆಕ್ಕ

ಬೆಳಿಗ್ಗೆ ಶುರುವಾದ ಡ್ಯೂಟಿ ರಾತ್ರಿ ಕಳೆದು ಮರುದಿನ ಮಧ್ಯಾಹ್ನಕ್ಕೆ ಮುಗಿಯುವುದು ಕಿರಿಯ ವೈದ್ಯರಿಗೆ ಹೊಸದಲ್ಲ. ಇದರ ಪರಿಣಾಮವನ್ನು ವಿಜ್ಞಾನಿಗಳು ಅಳೆದಿದ್ದಾರೆ. 17 ಗಂಟೆ ಎಚ್ಚರವಿದ್ದವನ ಕಾರ್ಯಕ್ಷಮತೆ ರಕ್ತದಲ್ಲಿ ಶೇ 0.05 ಮದ್ಯಸಾರ ಇದ್ದವನಷ್ಟಕ್ಕೆ ಇಳಿಯುತ್ತದೆ, 24 ಗಂಟೆಯಾದರೆ ಶೇ 0.10ರ ಮಟ್ಟಕ್ಕೆ ಹೋಗುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನ ರಕ್ತದಲ್ಲಿ ಶೇ 0.03ಕ್ಕಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಅಪರಾಧ. ಅಂದರೆ ಇಂಥ ಸ್ಥಿತಿಯಲ್ಲಿ ಬೈಕ್ ಓಡಿಸಲು ಬಿಡದ ಸಮಾಜ, ಅದೇ ಸ್ಥಿತಿಯಲ್ಲಿರುವವರ ಕೈಗೆ ರೋಗಿಯ ಪ್ರಾಣ ಕೊಡುತ್ತಿದೆ. 2004ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ, 24 ಗಂಟೆ ಮೀರಿದ ಪಾಳಿಗಳಲ್ಲಿ ದುಡಿದ ಇಂಟರ್ನಿಗಳು ಕಡಿಮೆ ಅವಧಿಯ ಪಾಳಿಯವರಿಗಿಂತ ಶೇ 36ರಷ್ಟು ಹೆಚ್ಚು ಗಂಭೀರ ತಪ್ಪು ಮಾಡಿದ್ದು ಕಂಡುಬಂತು.

ಹೊರದೇಶಗಳಲ್ಲಿ ಬದಲಾವಣೆ ಬಂದದ್ದು ಒಂದು ಸಾವಿನಿಂದ. 1984ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯೊಂದರಲ್ಲಿ ಲಿಬಿ ಜಿಯಾನ್ ಎಂಬ 18 ವರ್ಷದ ಯುವತಿ ತೀರಿಕೊಂಡಾಗ, ಆಕೆಯನ್ನು ನೋಡಿಕೊಂಡ ಕಿರಿಯ ವೈದ್ಯರ ದಣಿವಿನ ಪ್ರಶ್ನೆ ಎದ್ದಿತು. 1989ರಲ್ಲಿ ಆ ರಾಜ್ಯವೂ 2003ರಲ್ಲಿ ಇಡೀ ದೇಶವೂ ವಾರಕ್ಕೆ 80 ಗಂಟೆಯ ಮಿತಿ ಹಾಕಿದವು. ಯುರೋಪಿನಲ್ಲಿ ಮಿತಿ 48 ಗಂಟೆ. ಇದಕ್ಕೆ ಎದುರು ವಾದವೂ ಇದೆ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚುತ್ತದೆ. ಹೇಳದೆ ಉಳಿದ ಒಂದು ಮಾತು ಪ್ರಾಣಕ್ಕೆ ಕುತ್ತಾಗಬಹುದು. ರೋಗದ ಏರಿಳಿತವನ್ನು ಮೊದಲಿನಿಂದ ಕೊನೆಯವರೆಗೆ ನೋಡದವನು ಕಲಿಯುವುದೂ ಕಡಿಮೆ ಎಂದು ಹಿರಿಯರು ಹೇಳುತ್ತಾರೆ. ಅಮೆರಿಕದಲ್ಲಿ 2011ರಲ್ಲಿ ಇಂಟರ್ನಿಗಳ ಪಾಳಿಯನ್ನು 16 ಗಂಟೆಗೆ ಇಳಿಸಿ, 2017ರಲ್ಲಿ ಮತ್ತೆ 24ಕ್ಕೆ ಏರಿಸಿದ್ದರ ಹಿಂದೆ ಇಂಥ ವಾದಗಳಿದ್ದವು.

ಭಾರತದಲ್ಲಿ ನಿಯಮವೇ ಇಲ್ಲವೆಂದಲ್ಲ. ರೆಸಿಡೆಂಟ್ ವೈದ್ಯರು ಸಾಮಾನ್ಯವಾಗಿ ಸತತ 12 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್‌ನಲ್ಲೇ ಸೂಚಿಸಿತ್ತು. ಆದೇಶ ಕಡತದಲ್ಲಿ ನಿದ್ದೆ ಹೋಯಿತು, ವೈದ್ಯರು ಎಚ್ಚರವಾಗಿಯೇ ಉಳಿದರು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ವಿಶ್ರಮಿಸಲು ಹೋಗಿದ್ದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದಾಗ ದೇಶಕ್ಕೆ ಎರಡು ಸಂಗತಿ ಒಟ್ಟಿಗೆ ಕಂಡವು: 36 ಗಂಟೆಯ ಪಾಳಿ, ಮತ್ತು ಮಲಗಲು ಸುರಕ್ಷಿತವಾದ ಒಂದು ಕೋಣೆಯೂ ಇಲ್ಲದ ಆಸ್ಪತ್ರೆ. ಸುಪ್ರೀಂ ಕೋರ್ಟ್ ಇದಕ್ಕಾಗಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು.

ಭಯ ಮತ್ತು ಭತ್ಯೆ

ರೋಗಿ ಸತ್ತಾಗ ಮನೆಯವರ ಸಿಟ್ಟು ಮೊದಲು ತಟ್ಟುವುದು ಎದುರಿಗೆ ಸಿಗುವ ಸಣ್ಣ ಡಾಕ್ಟರಿಗೆ. ಔಷಧಿ ಇಲ್ಲದ್ದಕ್ಕೆ, ಹಾಸಿಗೆ ಸಿಗದ್ದಕ್ಕೆ, ಸ್ಕ್ಯಾನಿಂಗ್ ತಡವಾದದ್ದಕ್ಕೆ ಕಾರಣರಾದವರು ಯಾರೂ ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಇರುವುದಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಜೈಲು ಶಿಕ್ಷೆ ವಿಧಿಸುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದಲೇ ಇದೆ. ಆದರೆ ಕಾಯ್ದೆಯ ನೆನಪಾಗುವುದು ಏಟು ಬಿದ್ದ ಮೇಲೆ.

ಇನ್ನೊಂದು ಭಯ ಸೂಜಿಯದು. ಅರೆನಿದ್ದೆಯಲ್ಲಿ ಬಳಸಿದ ಸೂಜಿ ತನ್ನ ಬೆರಳಿಗೇ ಚುಚ್ಚಿಕೊಂಡಾಗ, ಆ ರೋಗಿಗೆ ಎಚ್.ಐ.ವಿ. ಇದ್ದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಇದೆ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಆ 28 ದಿನಗಳನ್ನು ಮನೆಯವರಿಗೆ ತಿಳಿಸದೆ ಕಳೆಯುವವರೂ ಇದ್ದಾರೆ.

ಇಷ್ಟಕ್ಕೆ ಸಿಗುವ ಹಣಕ್ಕೆ ಸಂಬಳವೆನ್ನುವುದಿಲ್ಲ, ಶಿಷ್ಯವೇತನ ಎನ್ನುತ್ತಾರೆ. ಅದೂ ತಾನಾಗಿ ಬರುವುದಿಲ್ಲ. 2020ರ ಜುಲೈನಲ್ಲಿ, ಕೋವಿಡ್ ಏರುತ್ತಿದ್ದ ದಿನಗಳಲ್ಲೇ, ದಾವಣಗೆರೆಯಲ್ಲಿ ಸರ್ಕಾರಿ ಕೋಟಾದಡಿ ಖಾಸಗಿ ಕಾಲೇಜು ಸೇರಿದ್ದ ಇಂಟರ್ನಿಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬಾಕಿ ಉಳಿದ ಶಿಷ್ಯವೇತನಕ್ಕಾಗಿ ಬೀದಿಗಿಳಿಯಬೇಕಾಯಿತು. ಹಣ ಕೊಡಬೇಕಾದದ್ದು ಸರ್ಕಾರವೋ ಕಾಲೇಜೋ ಎಂಬುದೇ ವಿವಾದದ ಮೂಲವಾಗಿತ್ತು. ಸರ್ಕಾರಿ ಕಾಲೇಜುಗಳ ಇಂಟರ್ನಿಗಳ ಶಿಷ್ಯವೇತನ 20 ಸಾವಿರದಿಂದ 30 ಸಾವಿರ ರೂಪಾಯಿಗೆ ಏರಿದ್ದು ಅದೇ ವರ್ಷ. ಚಪ್ಪಾಳೆ ತಟ್ಟಿ ‘ಕೊರೊನಾ ಯೋಧರು’ ಎಂದು ಕರೆದ ಕಾಲದಲ್ಲೂ ಯೋಧರ ಭತ್ಯೆ ಬಾಕಿಯಿತ್ತು.

ಊರಿಗೆ ಯಾರು ಬರುತ್ತಾರೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಭೋರ್ ಸಮಿತಿ ಬಯಸಿದ ‘ಮೂಲ ವೈದ್ಯ’ ಈ ವರ್ಷದಿಂದ ಹೊರಬರುತ್ತಿದ್ದಾನೆಯೇ?

ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ನೆರಳು ಇಂದು ಇಂಟರ್ನ್‌ಶಿಪ್ಪಿನ ಮೇಲೆ ದಟ್ಟವಾಗಿ ಬಿದ್ದಿದೆ. ಬರೀ ಎಂ.ಬಿ.ಬಿ.ಎಸ್. ಸಾಲದು, ಎಂ.ಡಿ. ಅಥವಾ ಎಂ.ಎಸ್. ಬೇಕೇ ಬೇಕು ಎಂಬ ಭಾವನೆ ಮನೆಮನೆಯಲ್ಲಿದೆ. ನೀಟ್ ಪಿ.ಜಿ. ಪರೀಕ್ಷೆಯಲ್ಲಿ ಕೇಳುವುದು ಬಹು ಆಯ್ಕೆಯ ಪ್ರಶ್ನೆಗಳನ್ನು. ಹೆರಿಗೆ ಮಾಡಿಸಿದ್ದಕ್ಕೆ, ಹಾವು ಕಚ್ಚಿದವನ ಪಕ್ಕ ರಾತ್ರಿಯಿಡೀ ಕೂತಿದ್ದಕ್ಕೆ ಅಲ್ಲಿ ಅಂಕವಿಲ್ಲ. ಹೀಗಾಗಿ ವಾರ್ಡಿನಿಂದ ತಪ್ಪಿಸಿಕೊಂಡು ಗ್ರಂಥಾಲಯದಲ್ಲಿ ಕೂರುವವನೇ ಜಾಣ ಎನಿಸಿಕೊಳ್ಳುತ್ತಾನೆ. ಹಳ್ಳಿಯ 12 ವಾರಗಳನ್ನು ಓದಿಗೆ ಸಿಕ್ಕ ಬಿಡುವೆಂದು ಎಣಿಸುವುದೂ ಉಂಟು. ಅದಕ್ಕೆ ಅವರನ್ನೇ ದೂರಿ ಫಲವಿಲ್ಲ. ಬಹುಮಾನ ಯಾವುದಕ್ಕಿದೆಯೋ ಅದನ್ನೇ ಮಕ್ಕಳು ಕಲಿಯುತ್ತಾರೆ.

ಈ ಕೊರತೆ ಹಿಂದಿನವರಿಗೂ ಕಂಡಿತ್ತು. ಶ್ರೀವಾಸ್ತವ ಸಮಿತಿಯ 1975ರ ವರದಿಯ ನಂತರ, 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ ಯೋಜನೆ ಬಂತು. ವ್ಯಾನುಗಳು ಬಂದವು, ಕಾಲಕ್ರಮೇಣ ಉತ್ಸಾಹ ಇಳಿಯಿತು. ಕರ್ನಾಟಕ 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯಗೊಳಿಸುವ ಕಾಯ್ದೆ ಮಾಡಿತು. ಪದವೀಧರರ ಸಂಖ್ಯೆ ಖಾಲಿ ಹುದ್ದೆಗಳನ್ನು ಮೀರಿದಾಗ ಅದಕ್ಕೆ ತಿದ್ದುಪಡಿ ತಂದು, ಹುದ್ದೆ ಇರುವಷ್ಟಕ್ಕೆ ಸೇವೆಯನ್ನು ಸೀಮಿತಗೊಳಿಸಲಾಯಿತು. ಕಡ್ಡಾಯದಿಂದ ವೈದ್ಯನನ್ನು ಊರಿಗೆ ಕಳಿಸಬಹುದು. ಆದರೆ ರಾತ್ರಿ ಹೊತ್ತು ಒಬ್ಬನೇ ನಿಭಾಯಿಸುವ ಧೈರ್ಯ ಕಾನೂನಿನಿಂದ ಬರುವುದಿಲ್ಲ. ಅದು ಬರುವುದು ಆ 52 ವಾರಗಳಲ್ಲಿ, ಪಕ್ಕದಲ್ಲಿ ನಿಂತು ಹೇಳಿಕೊಡುವ ಹಿರಿಯರು ಇದ್ದಾಗ.

ಪರಿಹಾರ ತೀರ ದೂರದ್ದೇನಲ್ಲ. 1992ರ ಆದೇಶವನ್ನು ಕಡತದಿಂದ ಹೊರತೆಗೆದು ಪಾಳಿಗೆ ಮಿತಿ ಹಾಕುವುದು. ಗುಮಾಸ್ತರ ಕೆಲಸಕ್ಕೆ ಗುಮಾಸ್ತರನ್ನೇ ನೇಮಿಸುವುದು. ಹೆಣ್ಣುಮಕ್ಕಳಿಗೆ ಚಿಲಕವಿರುವ ಡ್ಯೂಟಿ ಕೋಣೆ ಕೊಡುವುದು. ಶಿಷ್ಯವೇತನವನ್ನು ತಿಂಗಳು ತಿಂಗಳು ಪಾವತಿಸುವುದು. ಲಾಗ್ ಪುಸ್ತಕದಲ್ಲಿ ಬರೆದ ಕೆಲಸಕ್ಕೆ ಮುಂದಿನ ಪ್ರವೇಶದಲ್ಲಿ ಒಂದಿಷ್ಟಾದರೂ ಬೆಲೆ ಕೊಡುವುದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆ ವರದಿಯ ಮೊದಲ ಸಾಲು ಬರೆಯಬೇಕಾದವರು ಇದೇ ಸಣ್ಣ ಡಾಕ್ಟರುಗಳು.

ಹಲವಾಗಲಿನ ಆ ರೈತನ ರಕ್ತವಿರುವ ಗಾಜಿನ ನಳಿಕೆಯನ್ನು ಓರೆ ಮಾಡಲು ಇನ್ನು ಕೆಲವು ನಿಮಿಷ ಬಾಕಿಯಿದೆ. ಮನೆಯವರು ಬಾಗಿಲ ಬಳಿ ಟವೆಲ್ ಹಾಸಿ ಕೂತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬಂದ ಇಂಟರ್ನಿ ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದಾಳೆ. ಮರುದಿನ ದೊಡ್ಡ ಡಾಕ್ಟರು ಬಂದು ಕೇಸ್ ಷೀಟ್ ನೋಡಿ ಸಹಿ ಹಾಕುತ್ತಾರೆ, ಮನೆಯವರು ಅವರಿಗೆ ಕೈ ಮುಗಿಯುತ್ತಾರೆ. ಆದರೆ ಆ 20ನೆಯ ನಿಮಿಷದಲ್ಲಿ ಆಕೆ ಎಚ್ಚರವಾಗಿರುವಂತೆ ನೋಡಿಕೊಳ್ಳುವುದು ಆಕೆಯೊಬ್ಬಳ ಹೊಣೆಯಲ್ಲ, ಆಸ್ಪತ್ರೆಯದು ಮತ್ತು ಸರ್ಕಾರದ್ದು.